ಬೊಜ್ಜಿನ ಆಪರೇಷನ್ ಆಯ್ತು, ಇನ್ನ ಊಟ ಹೆಂಗ್ರಿ?

ವಾರಕ್ಕೆ ಎರಡು ಫೋನಾದರೂ ಬರುತ್ತವೆ. ಕಲಬುರಗಿಯಿಂದ, ಹುಮನಾಬಾದಿನಿಂದ, ಶಹಾಪುರದಿಂದ. ಆಪರೇಷನ್ ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಆಗಿರುತ್ತದೆ. ಮೂರ್ನಾಲ್ಕು ದಿನಕ್ಕೆ ಡಿಸ್ಚಾರ್ಜ್ ಮಾಡಿ ಕೈಗೊಂದು ಊಟದ ಚಾರ್ಟ್ ಕೊಟ್ಟು ಕಳಿಸಿರುತ್ತಾರೆ. ಅದರಲ್ಲಿ ಬ್ರಾಕಲಿ ಸೂಪು, ಓಟ್ಸು, ಗ್ರೀಕ್ ಯೋಗರ್ಟು. ಮನೆಗೆ ಬಂದು ನೋಡಿದರೆ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಗಡಿಗೆಯಲ್ಲಿ ಪುಂಡಿಪಲ್ಯ, ಡಬ್ಬಿಯಲ್ಲಿ ಶೇಂಗಾ ಹಿಂಡಿ. "ಚಾರ್ಟಿನಾಗ ನಮ್ಮ ಊಟಾನೇ ಇಲ್ರಿ ಅಕ್ಕಾರ, ಏನ್ ತಿನ್ಲಿ?" ಎಲ್ಲರದೂ ಇದೇ ಪ್ರಶ್ನೆ.

ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಸ್ಲೀವ್ ಮಾಡಿಸಿಕೊಂಡು ಐದು ವರ್ಷ ಕಳೆದವಳು, ಅಷ್ಟೇ. ಇಲ್ಲಿ ಬರೆದಿದ್ದಕ್ಕೂ ನಿಮ್ಮ ಸರ್ಜನ್ ಹೇಳಿದ್ದಕ್ಕೂ ತಾಳೆ ಆಗದಿದ್ದರೆ ಸರ್ಜನ್ ಮಾತೇ ಕೇಳಿ.

ಮೊದಲು ಕೆಲವು ಪದ

ಸ್ಲೀವ್ ಅಂದರೆ ಅಂಗಿಯ ತೋಳು. ಊಟ ಇಳಿಯುವ ಚೀಲ, ಅಂದರೆ ಜಠರ, ಅದರ ಸುಮಾರು ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ತೋಳಿನಂತೆ ಉದ್ದನೆಯ ಕೊಳವೆ ಮಾಡುತ್ತಾರೆ. ಒಂದು ಸಣ್ಣ ಲೋಟದಷ್ಟು ಹಿಡಿಸುತ್ತದೆ. ಹಸಿವು ಹುಟ್ಟಿಸುವ ಹಾರ್ಮೋನು ಬಹಳಷ್ಟು ಬರುವುದು ಆ ತೆಗೆದ ಭಾಗದಿಂದಲೇ. ಅದಕ್ಕೇ ಮೊದಲ ಕೆಲವು ತಿಂಗಳು ಹಸಿವೇ ಅನಿಸುವುದಿಲ್ಲ.

ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಎರಡು ದೊಡ್ಡ ಚಮಚದಷ್ಟು ಚೀಲ ಮಾಡಿ, ಅದನ್ನು ನೇರ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಹೀಗಾಗಿ ಊಟ ಕಮ್ಮಿ ಹೋಗುತ್ತದೆ, ಹೋದ ಊಟದ ಸತ್ವವೂ ಪೂರ್ತಿ ಮೈಗೆ ಹತ್ತುವುದಿಲ್ಲ. ಒಂದು ಎಚ್ಚರಿಕೆ: ನಮ್ಮ ಕಡೆ "ಬೈಪಾಸ್ ಆಗ್ಯಾದ" ಅಂದರೆ ಎಲ್ಲರೂ ಹಾರ್ಟ್ ಅಂತಲೇ ತಿಳಿಯುತ್ತಾರೆ. ತುರ್ತಿನಲ್ಲಿ ದವಾಖಾನೆಗೆ ಹೋದಾಗ "ಹೊಟ್ಟೆಯ ಬೈಪಾಸ್" ಅಂತ ಬಿಡಿಸಿ ಹೇಳಿ.

ಡಂಪಿಂಗ್ ಅಂದರೆ ಸಿಹಿ ಅಥವಾ ಎಣ್ಣೆ ಪದಾರ್ಥ ಕರುಳಿಗೆ ಒಮ್ಮೆಲೇ ಸುರಿದಾಗ ಆಗುವ ಸಂಕಟ. ತಿಂದು ಅರ್ಧ ತಾಸಿನೊಳಗೆ ಬೆವರು, ಎದೆ ಡವಡವ, ಹೊಟ್ಟೆ ನುಲಿತ, ಭೇದಿ. ಕೆಲವರಿಗೆ ಎರಡು ಮೂರು ತಾಸು ಬಿಟ್ಟು ಶುಗರ್ ಇಳಿದು ಕೈ ನಡುಗುತ್ತದೆ. ಬೈಪಾಸ್ ಆದವರಿಗೆ ಜಾಸ್ತಿ, ಸ್ಲೀವ್‌ನವರಿಗೆ ಕಮ್ಮಿ.

ಮನೆಯಲ್ಲಿ ಏನಿರಬೇಕು

ದೊಡ್ಡ ಖರ್ಚಿಲ್ಲ. ಔಷಧ ಅಳೆಯುವ 30 ಮಿಲಿಲೀಟರಿನ ಸಣ್ಣ ಕಪ್ಪು, ಒಂದು ಲೀಟರಿನ ಬಾಟಲಿ, ಮಕ್ಕಳ ಚಮಚ, ಪ್ರಸಾದದ ಬಟ್ಟಲಿನಷ್ಟು ಸಣ್ಣ ಸ್ಟೀಲ್ ಬಟ್ಟಲು, ಮಿಕ್ಸರಿನ ಸಣ್ಣ ಜಾರು, ಜರಡಿ, ಏಳು ಖಾನೆಯ ಗುಳಿಗೆ ಡಬ್ಬಿ, ಒಂದು ನೋಟ್‌ಬುಕ್ಕು. ಡಿಸ್ಚಾರ್ಜ್ ಕಾಗದದ ಮೂರು ಝೆರಾಕ್ಸ್ ತೆಗೆಸಿ. ಒಂದು ಮನೆಯಲ್ಲಿ, ಒಂದು ಪರ್ಸಿನಲ್ಲಿ, ಒಂದು ನಿಮ್ಮೂರಿನ ಡಾಕ್ಟರ ಹತ್ತಿರ. ಸರ್ಜನ್ ಇರುವುದು ನೂರಿನ್ನೂರು ಕಿಲೋಮೀಟರ್ ದೂರ. ರಾತ್ರಿ ಹನ್ನೊಂದಕ್ಕೆ ಹೊಟ್ಟೆನೋವು ಬಂದರೆ ಮೊದಲು ನೋಡುವವರು ಇಲ್ಲಿನವರೇ ಅಲ್ವಾ?

1. ಊರಿಗೆ ಬರುವ ದಾರಿ, ಮೊದಲ ಎರಡು ವಾರ

ಹೈದರಾಬಾದಿನಿಂದ ಕಲಬುರಗಿಗೆ ಕಾರಿನಲ್ಲಿ ನಾಲ್ಕೈದು ತಾಸು. ಒಂದೇ ಸಮ ಕೂತು ಬರಬೇಡಿ. ಆಪರೇಷನ್ ಆದ ಹೊಸದರಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ. ತಾಸಿಗೊಮ್ಮೆ ಗಾಡಿ ನಿಲ್ಲಿಸಿ ಐದು ನಿಮಿಷ ಅಡ್ಡಾಡಿ. ಸೀಟ್ ಬೆಲ್ಟು ಹೊಟ್ಟೆಗೆ ಒತ್ತದಂತೆ ನಡುವೆ ಸಣ್ಣ ದಿಂಬು ಇಟ್ಟುಕೊಳ್ಳಿ. ಮನೆಗೆ ಬಂದ ಮೇಲೂ ದಿನಕ್ಕೆ ನಾಲ್ಕೈದು ಸಲ ಅಂಗಳದಲ್ಲೇ ನಡೆಯಿರಿ. ಹಾಸಿಗೆ ಹಿಡಿಯಬೇಡಿ.

ಭಾರ ಎತ್ತುವುದು ನಾಲ್ಕರಿಂದ ಆರು ವಾರ ಬಂದ್. ಹೆಣ್ಣುಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ. ನಳ ಬಂತೆಂದರೆ ಎಲ್ಲ ಮರೆತು ಓಡುತ್ತೀರಿ. ತುಂಬಿದ ಕೊಡ ಹತ್ತು ಕಿಲೋಗಿಂತ ಜಾಸ್ತಿ ಭಾರ. ಅದನ್ನು ಸೊಂಟಕ್ಕೆ ಏರಿಸಿದರೆ ಹೊಲಿಗೆಯ ಜಾಗದಲ್ಲಿ ಹರ್ನಿಯಾ ಆಗಬಹುದು, ಅಂದರೆ ಕರುಳು ಹೊರಗೆ ಉಬ್ಬುವುದು. ಸಿಲಿಂಡರು, ಜೋಳದ ಚೀಲ, ಮೊಮ್ಮಗು, ಎಲ್ಲಕ್ಕೂ ಇದೇ ಲೆಕ್ಕ.

ಈ ಹಂತದಲ್ಲಿ ಒಂದನ್ನು ಬಾಯಿಪಾಠ ಮಾಡಿ. ಜ್ವರ, ಸುಮ್ನೆ ಕೂತಾಗಲೂ ನಿಮಿಷಕ್ಕೆ 120 ದಾಟುವ ನಾಡಿ, ಏರುತ್ತಲೇ ಹೋಗುವ ಹೊಟ್ಟೆನೋವು, ಎಡಭುಜದಲ್ಲಿ ನೋವು, ಏದುಸಿರು. ಇವುಗಳಲ್ಲಿ ಯಾವುದು ಬಂದರೂ ಹೊಲಿಗೆ ಸೋರುತ್ತಿರಬಹುದು, ಇಲ್ಲವೇ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಒಂದು ಕಾಲು ಮಾತ್ರ ಬಾತು ನೋಯುತ್ತಿದ್ದರೂ ಹೆಪ್ಪಿನ ಸಂಶಯ ಇರಲಿ. "ಗ್ಯಾಸ್ ಆಗಿರಬೇಕು" ಅಂತ ಓಣಿಯ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಮಲಗಬೇಡಿ. ಹತ್ತಿರದ ದೊಡ್ಡ ದವಾಖಾನೆಗೆ ಹೋಗಿ, ಅಲ್ಲಿಂದಲೇ ಸರ್ಜನ್‌ಗೆ ಫೋನ್ ಹಚ್ಚಿಸಿ.

2. ನೀರು: ಕುಡಿಯುವುದಲ್ಲ, ಗುಟುಕರಿಸುವುದು

ನಮ್ಮ ಕಡೆ ಎಡವುವುದು ಇಲ್ಲೇ ಜಾಸ್ತಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಬಿಸಿಲಿನಿಂದ ಬಂದು ಚರಿಗೆ ಎತ್ತಿ ಗಟಗಟ ಕುಡಿಯುವ ರೂಢಿ ನಮ್ಮದು. ಈಗ ಹಾಗೆ ಕುಡಿದರೆ ಎದೆಯಲ್ಲಿ ಕಲ್ಲು ಇಟ್ಟಂತಾಗಿ ಎಲ್ಲ ವಾಪಸ್ ಬರುತ್ತದೆ. ಹಾಗಂತ ಕುಡಿಯದೆ ಬಿಟ್ಟರೆ ಮೈಯ ನೀರು ಬತ್ತಿ ದವಾಖಾನೆ ಸೇರುತ್ತೀರಿ.

ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು. ಲೆಕ್ಕ ಸುಲಭ. 30 ಮಿಲಿಲೀಟರಿನ ಆ ಸಣ್ಣ ಕಪ್ಪು ತುಂಬಿ ಹದಿನೈದು ನಿಮಿಷಕ್ಕೊಮ್ಮೆ ಗುಟುಕರಿಸಿ. ಹದಿನಾಲ್ಕು ತಾಸು ಎಚ್ಚರ ಇದ್ದರೆ 56 ಕಪ್ಪು, ಅಂದರೆ ಸುಮಾರು 1,700 ಮಿಲಿಲೀಟರ್. ಮೊದಲ ವಾರ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಮನೆಯವರಿಗೆ ಕಿರಿಕಿರಿ ಆಗುತ್ತದೆ, ಆಗಲಿ. ಮೂತ್ರ ಗಟ್ಟಿ ಹಳದಿ ಆಗಿದ್ದರೆ, ಎದ್ದು ನಿಂತಾಗ ತಲೆ ಗಿರ್ ಅಂದರೆ ನೀರು ಸಾಲುತ್ತಿಲ್ಲ ಅಂತಲೇ ಅರ್ಥ.

ತಿಳಿ ಮಜ್ಜಿಗೆ ಒಳ್ಳೆಯದು. ಸಕ್ಕರೆ ಇಲ್ಲದ ಲಿಂಬಿ ನೀರೂ ನಡೆಯುತ್ತದೆ. ಕಬ್ಬಿನ ಹಾಲು ಬೇಡ, ಡಂಪಿಂಗ್ ಆಗುತ್ತದೆ. ಸೋಡಾ, ಕೋಲಾ ಯಾವುದೂ ಬೇಡ, ಗಾಳಿ ತುಂಬಿ ಹೊಟ್ಟೆ ಬಿಗಿಯುತ್ತದೆ. ಪೈಪು ಹಾಕಿ ಹೀರಿದರೂ ಗಾಳಿ ಒಳಗೆ ಹೋಗುತ್ತದೆ. ಚಹಾ ಬಿಡಲಾರೆ ಅನ್ನುವವರು ಮೊದಲ ತಿಂಗಳು ಹೇಗಾದರೂ ತಡೆದುಕೊಳ್ಳಿ. ಆಮೇಲೆ ಸಕ್ಕರೆ ಇಲ್ಲದೆ ಅರ್ಧ ಕಪ್ಪು.

ಊಟ ಮಾಡುವಾಗ ನೀರು ಬೇಡ. ಊಟ ಆದ ಮೇಲೆ ಅರ್ಧ ತಾಸು ಬಿಟ್ಟು ಕುಡಿಯಿರಿ. ಚೀಲ ಸಣ್ಣದು, ನೀರು ತುಂಬಿದರೆ ಊಟಕ್ಕೆ ಜಾಗ ಎಲ್ಲಿ? ಊಟದ ಜೊತೆ ಕುಡಿದರೆ ಊಟ ಬೇಗ ಕೆಳಗೆ ಜಾರಿ ಮತ್ತೆ ಹಸಿವೂ ಆಗುತ್ತದೆ. ತಾಟಿನ ಬಲಕ್ಕೆ ತಂಬಿಗೆ ಇಡುವ ಪದ್ಧತಿಯನ್ನೇ ಮನೆಯಲ್ಲಿ ನಿಲ್ಲಿಸಿ. ಕಣ್ಣಿಗೆ ಬಿದ್ದರೆ ಕೈ ಹೋಗುತ್ತದೆ.

3. ಊಟದ ನಾಲ್ಕು ಮೆಟ್ಟಿಲು

ಒಬ್ಬ ಸರ್ಜನ್ ಎರಡು ವಾರ ಅಂದರೆ ಇನ್ನೊಬ್ಬರು ಮೂರು ಅನ್ನುತ್ತಾರೆ. ನಿಮ್ಮವರದೇ ಹಿಡಿಯಿರಿ. ಸಾಮಾನ್ಯವಾಗಿ ಹೀಗಿರುತ್ತದೆ.

ಒಂದು, ಎರಡನೇ ವಾರ: ಬರೀ ನೀರಾದದ್ದು. ಸೋಸಿದ ಬೇಳೆ ಕಟ್ಟು, ಮಜ್ಜಿಗೆ, ಕೆನೆ ತೆಗೆದ ಹಾಲು, ಹಾಲಿನಲ್ಲಿ ಕಲಸಿದ ಪ್ರೋಟೀನ್ ಪುಡಿ. ಜೋಳದ ಅಂಬಲಿ ತೆಳ್ಳಗೆ ಮಾಡಿ, ಸೋಸಿ ಕುಡಿಯಬಹುದು. ಖಾರ ಹಾಕಬೇಡಿ. ನಮ್ಮ ಮಸಾಲೆ ಖಾರ ಒಂದು ಚಿಟಿಕೆ ಬಿದ್ದರೂ ಹಸಿ ಹೊಲಿಗೆ ಉರಿಯುತ್ತದೆ.

ಒಂದು ಮಾತು ಕಟ್ಟಿನ ಬಗ್ಗೆ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ, ಹೆಮ್ಮೆಯೇ. ಆದರೆ ಮೇಲಿನ ತಿಳಿ ನೀರಿನಲ್ಲಿ ಪ್ರೋಟೀನು ಇಲ್ಲ ಅನ್ನುವಷ್ಟು ಕಮ್ಮಿ. ಪ್ರೋಟೀನು ತಳದಲ್ಲಿ ಕೂತ ಬೇಳೆಯಲ್ಲಿರುತ್ತದೆ. ಕಟ್ಟು ಕುಡಿದು ಶಕ್ತಿ ಬಂತು ಅಂದುಕೊಂಡವರು ಮೂರನೇ ವಾರ ಮೆಟ್ಟಿಲು ಹತ್ತಲಾರದೆ ಫೋನ್ ಮಾಡುತ್ತಾರೆ.

ಮೂರು, ನಾಲ್ಕನೇ ವಾರ: ಮಿಕ್ಸರಿನಲ್ಲಿ ನುಣ್ಣಗೆ ಮಾಡಿದ್ದು. ಈಗ ಬೇಳೆಯನ್ನೇ ರುಬ್ಬಿ ತಿನ್ನಿ. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು, ನುರಿದ ಪನೀರು, ಅರ್ಧ ಬೆಂದಂತೆ ಮೆತ್ತಗೆ ಕಾಣುವ ತತ್ತಿ ಬುರ್ಜಿ, ಆದರೆ ಪೂರ್ತಿ ಬೆಂದಿರಲಿ. ಆ ಗ್ರೀಕ್ ಯೋಗರ್ಟು ಅಂದರೆ ಹೆಚ್ಚು ಕಮ್ಮಿ ನಮ್ಮ ಕಟ್ಟಿದ ಮೊಸರೇ. ಅಂಗಡಿಯಲ್ಲಿ ಹುಡುಕಬೇಡಿ.

ಐದನೇ ವಾರದಿಂದ ಎರಡು ತಿಂಗಳು ತುಂಬುವವರೆಗೆ: ಬೆರಳಿನಲ್ಲಿ ಒತ್ತಿದರೆ ಹಿಸುಕಿಹೋಗುವಂಥದ್ದು. ತೆಳ್ಳನೆ ಜುಣಕ, ಹೀರೆಕಾಯಿ, ಸೋರೆಕಾಯಿ ಪಲ್ಯ, ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಮೇಲೆ ಮಜ್ಜಿಗೆ. ಮೀನು ತಿನ್ನುವವರಿಗೆ ಮೀನು. ಚಿಕನ್ ಆದರೆ ಕೊಚ್ಚಿ, ರಸದಲ್ಲೇ ಬೇಯಿಸಿದ್ದು.

ಎರಡು ತಿಂಗಳ ಮೇಲೆ: ಒಂದೊಂದಾಗಿ ಮಾಮೂಲಿ ಊಟ. ದಿನಕ್ಕೆ ಒಂದೇ ಹೊಸ ಪದಾರ್ಥ. ಯಾವುದು ಹಿಡಿಯಲಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಎರಡು ವಾರ ಬಿಟ್ಟು ಮತ್ತೆ ನೋಡಿ.

ಈಗ ರೊಟ್ಟಿ. ಎಲ್ಲರೂ ಕೇಳುವುದು ಇದನ್ನೇ. ಬಿಸಿ ಮೆತ್ತನೆ ಚಪಾತಿ, ಅಂಟು ಅನ್ನ, ಬ್ರೆಡ್ಡು ಇವು ಒಳಗೆ ಹೋಗಿ ಹಿಟ್ಟಿನ ಮುದ್ದೆಯಾಗಿ ಸಿಕ್ಕಿಕೊಳ್ಳುತ್ತವೆ. ಹಲವರಿಗೆ ಇದಕ್ಕಿಂತ ಖಡಕ್ ರೊಟ್ಟಿಯೇ ಸಲೀಸು, ಚೆನ್ನಾಗಿ ಅಗಿದರೆ ಪುಡಿಯಾಗುತ್ತದಲ್ಲ. ಕಾಲು ರೊಟ್ಟಿ ಮುರಿದು, ಗಟ್ಟಿ ಬೇಳೆಯಲ್ಲಿ ನೆನೆಸಿ, ಬಾಯಲ್ಲಿ ನೀರಾಗುವವರೆಗೆ ಅಗಿಯಿರಿ. ಎರಡು ತಿಂಗಳು ತುಂಬುವ ಮೊದಲು ಮಾತ್ರ ಈ ಪ್ರಯೋಗ ಬೇಡ.

4. ತಿನ್ನುವ ರೀತಿ

ಸಣ್ಣ ಬಟ್ಟಲು, ಸಣ್ಣ ಚಮಚ. ಕಡಲೆ ಕಾಳಿನಷ್ಟು ತುತ್ತು. ಇಪ್ಪತ್ತು ಸಲ ಅಗಿದು ನುಂಗಿ, ಚಮಚ ಕೆಳಗಿಡಿ, ಒಂದು ನಿಮಿಷ ಕಾಯಿರಿ. ಅರ್ಧ ತಾಸಿನಲ್ಲಿ ಎಷ್ಟಾಯಿತೋ ಅಷ್ಟೇ. ಮೊದಲು ಬೇಳೆ, ಮೊಸರು, ತತ್ತಿ, ಪನೀರು. ಆಮೇಲೆ ಪಲ್ಯ. ಜಾಗ ಉಳಿದರೆ ರೊಟ್ಟಿ. ನಮ್ಮ ತಾಟಿನಲ್ಲಿ ರೊಟ್ಟಿ ರಾಜ, ಉಳಿದದ್ದು ನೆಂಚಿಕೊಳ್ಳಲು. ಈಗ ಅದು ಉಲ್ಟಾ.

ಹೊಟ್ಟೆ ತುಂಬಿತು ಅನ್ನುವುದು ಹಳೆಯ ರೀತಿ ಗೊತ್ತಾಗುವುದಿಲ್ಲ. ಒಬ್ಬರಿಗೆ ಬಿಕ್ಕಳಿಕೆ, ಇನ್ನೊಬ್ಬರಿಗೆ ಸೀನು, ಮತ್ತೊಬ್ಬರಿಗೆ ಎದೆ ನಡುವೆ ಬಿಗಿತ. ನನಗೆ ಮೂಗು ಸೋರುತ್ತದೆ. ಖಾರದಿಂದ ಅಂತ ಎರಡು ತಿಂಗಳು ತಿಳಿದಿದ್ದೆ. ನಿಮ್ಮ ಗುರುತು ಯಾವುದು ಅಂತ ಗಮನಿಸಿ. ಅದು ಬಂದ ಮೇಲೆ ಒಂದು ಚಮಚವೂ ಬೇಡ. "ಅಷ್ಟ್ಯಾಕ ಬಿಡ್ತಿ, ಕೆಡ್ತದ" ಅಂದರೂ ಬೇಡ.

ತುತ್ತು ಸಿಕ್ಕಿಕೊಂಡರೆ ಬಾಯಲ್ಲಿ ನೊರೆ ನೊರೆ ಉಗುಳು ಬರುತ್ತದೆ, ಎದೆ ಒತ್ತುತ್ತದೆ. ನೀರು ಕುಡಿದು ಇಳಿಸಲು ಹೋಗಬೇಡಿ, ಇನ್ನೂ ಕಷ್ಟ ಆಗುತ್ತದೆ. ತಿನ್ನುವುದು ನಿಲ್ಲಿಸಿ, ಎದ್ದು ನಿಧಾನ ಅಡ್ಡಾಡಿ. ಹೆಚ್ಚಿನ ಸಲ ತಾನೇ ಇಳಿಯುತ್ತದೆ, ಇಲ್ಲವೇ ಹೊರಗೆ ಬರುತ್ತದೆ. ಆ ದಿನ ಉಳಿದ ಊಟ ನೀರಾದದ್ದೇ ಇರಲಿ. ಗುಟುಕು ನೀರೂ ನಿಲ್ಲದೆ ವಾಪಸ್ ಬರುತ್ತಿದ್ದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ.

5. ಪ್ರೋಟೀನಿನ ಲೆಕ್ಕ

ದಿನಕ್ಕೆ 60ರಿಂದ 80 ಗ್ರಾಂ. ಸಾಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತೂಕ ಇಳಿಯುತ್ತದೆ, ಕೈಕಾಲಲ್ಲಿ ಬಲ ಇರುವುದಿಲ್ಲ.

ಎರಡು ತತ್ತಿಗೆ 12 ಗ್ರಾಂ. ಒಂದು ಲೋಟ ಹಾಲಿಗೆ 6. ಐವತ್ತು ಗ್ರಾಂ ಪನೀರಿಗೆ 9. ಒಂದು ಹಿಡಿ ತೊಗರಿ ಬೇಳೆ ಗಟ್ಟಿಯಾಗಿ ಬೇಯಿಸಿದರೆ ಆರೇಳು. ಅರವತ್ತು ಗ್ರಾಂ ಬೆಂದ ಚಿಕನ್ನಿಗೆ ಸುಮಾರು 15. ಪ್ರೋಟೀನ್ ಪುಡಿ ಒಂದು ಅಳತೆಗೆ 20ರಿಂದ 25. ಎಲ್ಲ ಕೂಡಿದರೆ 70ರ ಹತ್ತಿರ.

ತತ್ತಿಯೂ ಒಲೆಯ ಹತ್ತಿರ ಸುಳಿಯದ ಮನೆಗಳು ನಮ್ಮಲ್ಲಿ ಬಹಳ. ಅಂಥವರು ಸೋಯಾ ಚಂಕ್ಸ್ ತನ್ನಿ. ಒಣಗಿದ್ದು 25 ಗ್ರಾಂ ತೂಗಿದರೆ 13 ಗ್ರಾಂ ಪ್ರೋಟೀನು ಸಿಗುತ್ತದೆ. ಕುದಿಸಿ, ಹಿಂಡಿ, ಸಣ್ಣಗೆ ಕೊಚ್ಚಿ ಹಾಕಿ. ಆದರೂ ಮೊದಲ ಆರು ತಿಂಗಳು ಪುಡಿ ಇಲ್ಲದೆ ಸಸ್ಯಾಹಾರಿಗಳಿಗೆ ಲೆಕ್ಕ ಕೂಡುವುದು ಕಷ್ಟ. ಡಬ್ಬಿಯ ಹಿಂದೆ ಓದಿ, ಸಕ್ಕರೆ ಇಲ್ಲದ್ದೇ ಕೊಳ್ಳಿ. ಹಾಲು ಹಿಡಿಯದವರು ವ್ಹೇ ಐಸೊಲೇಟ್ ಅಂತ ಕೇಳಿ, ಅದರಲ್ಲಿ ಹಾಲಿನ ಸಕ್ಕರೆ ಬಹಳ ಕಮ್ಮಿ.

ಶೇಂಗಾದಲ್ಲಿ ಪ್ರೋಟೀನು ಇದೆಯಲ್ಲ ಅಂತ ಹಿಂಡಿಯನ್ನೇ ಬಟ್ಟಲು ತುಂಬ ತಿನ್ನುವವರು ಇದ್ದಾರೆ. ಇದೆ, ನಿಜ, ಕಾಲು ಭಾಗ. ಹತ್ತಿರ ಹತ್ತಿರ ಅರ್ಧ ಭಾಗ ಎಣ್ಣೆ. ಹಿಂಡಿ ರುಚಿಗೆ ಒಂದು ಚಮಚ, ಅಷ್ಟಕ್ಕೇ ಇರಲಿ.

6. ಗುಳಿಗೆ ಜೀವನ ಪೂರ್ತಿ

"ಈಗ ಆರಾಮ್ ಅದೀನಿ, ಬಿಟ್ಟೀನ್ರಿ" ಅನ್ನುತ್ತಾರೆ. ಬಿಡಬಾರದು. ಕೊರತೆ ಕಾಣಿಸಿಕೊಳ್ಳಲು ವರ್ಷಗಳು ಹಿಡಿಯುತ್ತವೆ. ಕಂಡಾಗ ಕಾಲು ಜೋಮು, ಮರೆವು, ಮೂಳೆ ಸವೆತ ಆಗಿರುತ್ತದೆ.

ಮಲ್ಟಿವಿಟಮಿನ್ ದಿನಾ. ಬಿ12 ಗುಳಿಗೆ ದಿನಾ, ಇಲ್ಲವೇ ತಿಂಗಳಿಗೊಂದು ಇಂಜೆಕ್ಷನ್. ಕಬ್ಬಿಣ, ಅದರಲ್ಲೂ ಮುಟ್ಟಾಗುವ ಹೆಣ್ಣುಮಕ್ಕಳಿಗೆ. ಡಿ ವಿಟಮಿನ್. ಕ್ಯಾಲ್ಸಿಯಂ ದಿನಕ್ಕೆ 1,200ರಿಂದ 1,500 ಮಿಲಿಗ್ರಾಂ, ಎರಡು ಮೂರು ಪಾಲು ಮಾಡಿ. ಮೆಡಿಕಲ್ ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಕರಗಲು ಜಠರದ ಆಮ್ಲ ಬೇಕು, ನಿಮಗೆ ಅದು ಕಮ್ಮಿ. ಕ್ಯಾಲ್ಸಿಯಂ ಸಿಟ್ರೇಟ್ ಅಂತಲೇ ಕೇಳಿ ತನ್ನಿ.

ಕಬ್ಬಿಣವನ್ನೂ ಕ್ಯಾಲ್ಸಿಯಮ್ಮನ್ನೂ ಒಟ್ಟಿಗೆ ನುಂಗಬೇಡಿ. ನಡುವೆ ಎರಡು ತಾಸು ಬೇಕು, ಇಲ್ಲದಿದ್ದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಚಹಾ ಕೂಡ ಹಾಗೇ. ನಾನು ಒಂದು ವರ್ಷ ಬೆಳಗಿನ ಚಹಾದ ಜೊತೆಗೇ ಕಬ್ಬಿಣದ ಗುಳಿಗೆ ನುಂಗಿದೆ. ರಕ್ತ ಪರೀಕ್ಷೆ ಬಂದಾಗ ಹಿಮೋಗ್ಲೋಬಿನ್ 9. ಈಗ ರಾತ್ರಿ ಮಲಗುವಾಗ ಲಿಂಬಿ ನೀರಿನ ಜೊತೆ ತೆಗೆದುಕೊಳ್ಳುತ್ತೇನೆ.

ಇನ್ನು ನೋವಿನ ಗುಳಿಗೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸೆಕ್ಲೊಫೆನಾಕ್ ಇವು ಬೇಡ. ಬೈಪಾಸ್ ಆದವರಿಗಂತೂ ಜೋಡಣೆಯ ಜಾಗದಲ್ಲಿ ಹುಣ್ಣಾಗಿ ರಕ್ತ ಸೋರಬಹುದು. ಮೊಣಕಾಲು ನೋವು ಅಂದರೆ ಅಂಗಡಿಯವರು ಪ್ಯಾರಾಸಿಟಮಾಲ್ ಜೊತೆ ಅಸೆಕ್ಲೊಫೆನಾಕ್ ಕೂಡಿದ ಗುಳಿಗೆ ಕೊಡುತ್ತಾರೆ. ಚೀಟಿ ಓದಿ. ಬರೀ ಪ್ಯಾರಾಸಿಟಮಾಲ್ ಇದ್ದರೆ ಮಾತ್ರ ತನ್ನಿ. ಹಾರ್ಟಿಗೆ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಶುಗರ್ ಇದ್ದವರು ಕೇಳಿ. ಮೊದಲ ವಾರದಿಂದಲೇ ಶುಗರ್ ಇಳಿಯಲು ಶುರುವಾಗುತ್ತದೆ. ಹಳೆಯ ಡೋಸ್ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಹಾಗೇ ಮುಂದುವರಿಸಿದರೆ ಪ್ರಜ್ಞೆ ತಪ್ಪಿ ಬೀಳಬಹುದು. ಮನೆಯಲ್ಲೇ ದಿನಕ್ಕೆರಡು ಸಲ ಚೆಕ್ ಮಾಡಿ ಬರೆದಿಡಿ, ವಾರಕ್ಕೊಮ್ಮೆ ಡಾಕ್ಟರಿಗೆ ತೋರಿಸಿ ಡೋಸ್ ಇಳಿಸಿ.

7. ಸಲಾಯಿನ್ ಹಚ್ಚುವ ಮೊದಲು ಒಂದು ಮಾತು

ಇದನ್ನು ದಯವಿಟ್ಟು ಮನೆಯ ಇನ್ನೊಬ್ಬರಿಗೂ ಓದಿಸಿ. ನಮ್ಮ ಕಡೆ ಸುಸ್ತು ಅಂದರೆ ಸಲಾಯಿನ್, ವಾಂತಿ ಅಂದರೆ ಸಲಾಯಿನ್. ಆಪರೇಷನ್ ಆದವರು ಹಲವು ದಿನ ವಾಂತಿ ಮಾಡಿಕೊಂಡರೆ ಮೈಯಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್, ಖಾಲಿ ಆಗುತ್ತದೆ. ಆ ಹೊತ್ತಿನಲ್ಲಿ ಬಿ1 ಕೊಡದೆ ಗ್ಲೂಕೋಸ್ ಬಾಟಲಿ ಹಚ್ಚಿದರೆ ಉಳಿದಷ್ಟು ಬಿ1 ಕೂಡ ಸುಟ್ಟುಹೋಗಿ ಮಿದುಳಿಗೇ ಪೆಟ್ಟು ಬೀಳಬಹುದು. ಕಣ್ಣು ಎರಡೆರಡು ಕಾಣುವುದು, ನಡಿಗೆ ತಪ್ಪುವುದು, ಮಾತು ಗಲಿಬಿಲಿ ಆಗುವುದು ಅದರ ಗುರುತು. ಬಾಟಲಿ ಏರಿಸುವ ಮೊದಲು "ಬೊಜ್ಜಿನ ಆಪರೇಷನ್ ಆಗ್ಯಾದ್ರಿ, ಮೊದಲ ಥಯಮಿನ್ ಕೊಡ್ರಿ" ಅಂತ ಕೇಳಿ. ಮೂಗಿನಲ್ಲಿ ನಳಿಗೆ ಹಾಕಲು ಬಂದರೂ ಮೊದಲು ಇದನ್ನೇ ಹೇಳಿ, ಸರ್ಜನ್ ಜೊತೆ ಮಾತಾಡಿಸಿ. ಹೊಸ ಹೊಲಿಗೆ ಹರಿಯಬಾರದು.

8. ಮದುವೆ, ಜಾತ್ರೆ, ಉಪವಾಸ

ಆಪರೇಷನ್ ಆದದ್ದು ನಿಮ್ಮ ಹೊಟ್ಟೆಗೆ, ಬೀಗರ ಒತ್ತಾಯಕ್ಕಲ್ಲ. "ಒಂದ್ ಹೋಳಿಗಿ ತಿಂದ್ರ ಏನಾಗ್ತದ ವೈನಿ" ಅನ್ನುತ್ತಾರೆ. ಬೈಪಾಸ್ ಆದವರಿಗೆ ಏನಾಗ್ತದ ಅಂದರೆ, ಹಾಲು ತುಪ್ಪ ಸುರಿದ ಆ ಹೋಳಿಗೆಗೆ ಪಂಕ್ತಿಯಿಂದ ಎದ್ದು ಓಡಬೇಕಾಗುತ್ತದೆ.

ನನಗೆ ಕೆಲಸ ಮಾಡಿದ ಉಪಾಯ ಇದು. ಮನೆಯಲ್ಲೇ ತತ್ತಿಯೋ ಪನೀರೋ ತಿಂದು ಹೋಗಿ. ಪಂಕ್ತಿಯಲ್ಲಿ ಕೂರಬೇಡಿ, ಬಡಿಸುವ ಕಡೆ ನಿಲ್ಲಿ. ಬಕೆಟ್ ಕೈಯಲ್ಲಿದ್ದವರಿಗೆ ಯಾರೂ ಒತ್ತಾಯ ಮಾಡುವುದಿಲ್ಲ (ಮೊದಲ ಆರು ವಾರ ಬಕೆಟ್ ಬೇಡ, ಉಪ್ಪು ಬಡಿಸಿ). ಎಲ್ಲರಿಗೂ ಆಪರೇಷನ್ ಕಥೆ ಹೇಳಬೇಕೆಂದಿಲ್ಲ, "ಡಾಕ್ಟರ್ ಬ್ಯಾಡ ಅಂದಾರ" ಸಾಕು. ಹೇಳದೆ ಮುಚ್ಚಿಟ್ಟರೆ ಮಾತ್ರ ಇನ್ನೊಂದು ತಾಪತ್ರಯ. ನಾಲ್ಕು ತಿಂಗಳಿಗೆ ಮುಖ ಇಳಿದು, ಬಳೆ ಸಡಿಲಾಗಿ ಮೊಣಕೈವರೆಗೆ ಜಾರಿದಾಗ, "ಯಾಕ್ ಹಿಂಗ್ ಸೊರಗೀರಿ, ಶುಗರ್ ಬಂತೇನು?" ಅಂತ ಓಣಿ ತುಂಬ ಗುಸುಗುಸು. ಹೇಳುವುದು ಬಿಡುವುದು ನಿಮ್ಮ ಇಷ್ಟ. ಒಟ್ಟಿಗೆ ಉಣ್ಣುವವರಿಗೆ ಮಾತ್ರ ಹೇಳಲೇಬೇಕು. ಉಂಗುರ ಬೇಗ ತೆಗೆದಿಡಿ. ಬಟ್ಟೆ ಒಗೆಯುವಾಗ ಜಾರಿ ಹೋಗುತ್ತದೆ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ, ಚರಗ ಚೆಲ್ಲಿ. ಭಜ್ಜಿ ಪಲ್ಯ ನಿಮಗೆ ಹಬ್ಬದ ಅಡುಗೆಯಲ್ಲೇ ಅತ್ಯುತ್ತಮ, ಕಾಳು, ಸೊಪ್ಪು, ಎಲ್ಲ ಮೆತ್ತಗೆ ಬೆಂದಿರುತ್ತದೆ. ಅದರಿಂದ ಶುರು ಮಾಡಿ, ಸಜ್ಜೆ ಕಡುಬು ಒಂದು ತುಂಡು. ಶರಣಬಸವೇಶ್ವರ ಜಾತ್ರೆಯ ಮಿರ್ಚಿ ಭಜಿ, ಜಿಲೇಬಿ ಮೊದಲ ವರ್ಷ ಕಣ್ಣಿಂದ ನೋಡಿ.

ಶ್ರಾವಣ ಸೋಮವಾರ ಸಾಬೂದಾನಿ ಉಸುಳಿ ತಿಂದು ಇಡೀ ದಿನ ಇರುವುದು ಬೇಡ. ಅದು ಬರೀ ಪಿಷ್ಟ, ಜಿಗುಟು ಬೇರೆ. ರೋಜಾ ಇಡುವವರಿಗೂ ಹೇಳುತ್ತೇನೆ: ನೀರನ್ನೇ ಗುಟುಕರಿಸಿ ದಿನ ತುಂಬಿಸಬೇಕಾದವರು ಹದಿಮೂರು ಹದಿನಾಲ್ಕು ತಾಸು ನೀರಿಲ್ಲದೆ ಇರಲಾಗದು. ಮೊದಲ ವರ್ಷ ಬಿಡಿ. ಆಮೇಲೆ ರಮಜಾನಿಗೆ ಎರಡು ತಿಂಗಳು ಮೊದಲೇ ಡಾಕ್ಟರನ್ನು ಕೇಳಿ, ಗುಳಿಗೆಯ ಹೊತ್ತು ಬದಲಿಸಿಕೊಳ್ಳಿ.

ಕುಡಿತ ಮೊದಲ ವರ್ಷ ಬೇಡವೇ ಬೇಡ. ಮೊದಲು ಮೂರು ಪೆಗ್ಗಿಗೆ ಏರುತ್ತಿದ್ದದ್ದು ಈಗ ಒಂದಕ್ಕೇ ಏರುತ್ತದೆ, ತಡವಾಗಿ ಇಳಿಯುತ್ತದೆ. ಊಟದ ಚಟ ಹೋದ ಜಾಗಕ್ಕೆ ಕುಡಿತದ ಚಟ ಬಂದು ಕೂತವರಿದ್ದಾರೆ. ಬೀಡಿ, ಸಿಗರೇಟು, ಗುಟ್ಕಾ ಪೂರ್ತಿ ಬಿಡಿ. ಹುಣ್ಣಿಗೆ ಅವೇ ದಾರಿ.

9. ಮೂರನೇ ತಿಂಗಳಿಂದ ಬರುವ ಗಾಬರಿಗಳು

ಕೂದಲು ಉದುರುತ್ತದೆ. ಬಾಚಿದರೆ ಕೈ ತುಂಬ ಬರುತ್ತದೆ. ಮೂರರಿಂದ ಆರು ತಿಂಗಳ ನಡುವೆ ಬಹಳ ಜನರಿಗೆ ಹೀಗಾಗುತ್ತದೆ, ಮೈ ಒಮ್ಮೆಲೇ ಇಳಿದದ್ದಕ್ಕೆ. ತಾನೇ ನಿಲ್ಲುತ್ತದೆ, ಮತ್ತೆ ಬೆಳೆಯುತ್ತದೆ. ದುಬಾರಿ ಎಣ್ಣೆಗೆ ಹಾಕುವ ದುಡ್ಡು ಪ್ರೋಟೀನಿಗೆ ಹಾಕಿ. ವರ್ಷವಾದರೂ ನಿಲ್ಲದಿದ್ದರೆ ಕಬ್ಬಿಣ, ಸತು, ಥೈರಾಯ್ಡ್ ಪರೀಕ್ಷಿಸಿ.

ತೂಕ ನಿಲ್ಲುತ್ತದೆ. ಮೊದಲ ಸಲ ಮೂರನೇ ವಾರದ ಆಸುಪಾಸು, ಆಮೇಲೂ ಆಗಾಗ. ವಾರಕ್ಕೊಮ್ಮೆ ಮಾತ್ರ ತೂಗಿ. ದಿನಾ ತೂಗುವವರಿಗೆ ನಿದ್ದೆ ಬರುವುದಿಲ್ಲ.

ಬಲಪಕ್ಕೆಯ ಮೇಲೆ, ಎಣ್ಣೆ ಊಟದ ನಂತರ ನೋವು ಬಂದರೆ ಪಿತ್ತಕೋಶದ ಕಲ್ಲು ಇರಬಹುದು. ಬೇಗ ತೂಕ ಇಳಿದವರಲ್ಲಿ ಇದು ಸಾಮಾನ್ಯ. ಅದನ್ನು ತಡೆಯಲು ಉರ್ಸೋಡಿಯಾಕ್ಸಿಕೋಲಿಕ್ ಅನ್ನುವ ಗುಳಿಗೆಯನ್ನು ಆರು ತಿಂಗಳು ಕೊಡುವುದುಂಟು. ನಿಮಗೆ ಬರೆದಿದ್ದರೆ ಅರ್ಧಕ್ಕೆ ನಿಲ್ಲಿಸಬೇಡಿ. ಬೈಪಾಸ್ ಆದವರಿಗೆ ಎರಡು ವರ್ಷದ ಮೇಲೂ, ಊಟದ ನಂತರ ಕರುಳು ಹಿಂಡುವಂಥ ನೋವು ಪದೇ ಪದೇ ಬಂದರೆ, ಕರುಳು ಒಳಗೇ ಸಿಕ್ಕಿಕೊಂಡಿರಬಹುದು. ಸಾದಾ ಸ್ಕ್ಯಾನ್ "ನಾರ್ಮಲ್" ಅಂದರೂ ಬಿಡಬೇಡಿ, ಸರ್ಜನ್‌ಗೇ ತೋರಿಸಿ.

ಸ್ಲೀವ್ ಆದವರಿಗೆ ಎದೆಯುರಿ ಬರಬಹುದು. ಊಟಕ್ಕೂ ನಿದ್ದೆಗೂ ಮೂರು ತಾಸು ಅಂತರ ಇರಲಿ.

ಜೋತುಬಿದ್ದ ಚರ್ಮದ ಮಡಿಕೆಯಲ್ಲಿ ಬೇಸಿಗೆಗೆ ಬೆವರು ನಿಂತು ಕೆಂಪಾಗಿ ತುರಿಸುತ್ತದೆ. ದಿನಕ್ಕೆರಡು ಸಲ ತೊಳೆದು, ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ, ಪೂರ್ತಿ ಒಣಗಿಸಿ. ಪೌಡರ್ ಬಳಿದು ಮುಚ್ಚಬೇಡಿ.

ಮಗು ಬಯಸುವ ಹೆಣ್ಣುಮಕ್ಕಳಿಗೆ: ತೂಕ ಇಳಿದಂತೆ ಮುಟ್ಟು ಸರಿಹೋಗಿ ಗರ್ಭ ನಿಲ್ಲುವುದು ಸುಲಭವಾಗುತ್ತದೆ. ಆದರೆ 12ರಿಂದ 18 ತಿಂಗಳು ತಡೆಯಿರಿ. ಬೈಪಾಸ್ ಆದವರಿಗೆ ಗರ್ಭನಿರೋಧಕ ಗುಳಿಗೆ ನಂಬುವಂತಿಲ್ಲ, ಕಾಪರ್-ಟಿ ಥರದ್ದು ಕೇಳಿ. "ಆಪರೇಷನ್ ಮಾಡ್ಸಿದ್ದೇ ಅದಕ್ಕಲ್ಲೇನು" ಅನ್ನುವ ಅತ್ತೆಯವರಿಗೆ ಡಾಕ್ಟರ ಬಾಯಿಂದಲೇ ಹೇಳಿಸಿ. ಗರ್ಭಿಣಿಯಾದಾಗ ಶುಗರ್ ಪರೀಕ್ಷೆಗೆ ಗ್ಲೂಕೋಸ್ ನೀರು ಕುಡಿಸುತ್ತಾರೆ. ಅದರಿಂದ ಡಂಪಿಂಗ್ ಆಗಬಹುದು, ಮೊದಲೇ ತಿಳಿಸಿದರೆ ಬೇರೆ ರೀತಿ ನೋಡುತ್ತಾರೆ.

10. ಒಂದು ವರ್ಷದ ಮೇಲೆ

ತೂಕ ಇಳಿಯುವುದು ಹೆಚ್ಚೆಂದರೆ ಒಂದೂವರೆ ವರ್ಷ. ಹಸಿವು ನಿಧಾನ ವಾಪಸ್ ಬರುತ್ತದೆ. ತೂಕ ಮತ್ತೆ ಏರಿಸುವುದು ದೊಡ್ಡ ಊಟವಲ್ಲ, ಅದು ಹಿಡಿಯುವುದೇ ಇಲ್ಲ. ಏರಿಸುವುದು ಟಿವಿ ಮುಂದೆ ಕೂತು ಮುಷ್ಟಿ ಮುಷ್ಟಿ ತಿನ್ನುವ ಚೂಡಾ, ಫರಸಾಣ, ಬಿಸ್ಕಿಟು. ಐಸ್ ಕ್ರೀಮು, ಬಾದಾಮಿ ಹಾಲು ಸಲೀಸಾಗಿ ಜಾರುತ್ತವೆ, ಎಷ್ಟು ಹೋಯಿತೆಂದು ತಿಳಿಯುವುದಿಲ್ಲ. ದಿನಕ್ಕೆ ಮೂರು ಊಟ, ಬೇಕಿದ್ದರೆ ನಡುವೆ ಒಂದು ಸಲ ಮಜ್ಜಿಗೆ ಅಥವಾ ಪ್ರೋಟೀನು. ಅದರ ಹೊರಗೆ ಬಾಯಿಗೆ ಹೋದದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದು ವಾರ ಬರೆದರೆ ಸಾಕು, ಕಳ್ಳ ಸಿಕ್ಕಿಬೀಳುತ್ತಾನೆ.

ನಡಿಗೆಗೆ ಕಲಬುರಗಿಯವರಿಗೆ ಅಪ್ಪನ ಕೆರೆ, ಪಬ್ಲಿಕ್ ಗಾರ್ಡನ್ ಇವೆ. ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ಮುಗಿಸಿ, ಬಾಟಲಿ ಜೊತೆಗಿರಲಿ. ಮೂರನೇ ತಿಂಗಳ ಮೇಲೆ ಸರ್ಜನ್ ಒಪ್ಪಿದರೆ ಸಣ್ಣ ಭಾರ ಎತ್ತುವ ವ್ಯಾಯಾಮವೂ ಬೇಕು, ಸ್ನಾಯು ಉಳಿಯಲು.

ರಕ್ತ ಪರೀಕ್ಷೆ ಮೂರು, ಆರು, ಹನ್ನೆರಡನೇ ತಿಂಗಳಿಗೆ, ಆಮೇಲೆ ಪ್ರತಿ ವರ್ಷ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ), ಬಿ12, ಡಿ ವಿಟಮಿನ್, ಕ್ಯಾಲ್ಸಿಯಂ, ಪಿಟಿಎಚ್ (ಮೂಳೆಯ ಕ್ಯಾಲ್ಸಿಯಂ ಕರಗುತ್ತಿದೆಯೇ ಅಂತ ತಿಳಿಸುವ ಹಾರ್ಮೋನು), ಶುಗರ್. ಇಲ್ಲೇ ಲ್ಯಾಬಿನಲ್ಲಿ ಮಾಡಿಸಿ ರಿಪೋರ್ಟಿನ ಫೋಟೋ ಸರ್ಜನ್‌ಗೆ ಕಳಿಸಿ, ಪ್ರತಿ ಸಲ ಹೈದರಾಬಾದಿಗೆ ಹೋಗಬೇಕಾಗಿಲ್ಲ.

ಕೊನೆಯದಾಗಿ ಆ ಪರ್ಸಿನ ಝೆರಾಕ್ಸು. ಅದು ಮಡಚಿ ಮಡಚಿ ಹರಿಯುತ್ತದೆ. ಒಂದು ಗಟ್ಟಿ ಕಾರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಲ್ಯಾಮಿನೇಷನ್ ಮಾಡಿಸಿ: ಹೆಸರು, ಆಪರೇಷನ್ ಯಾವುದು, ತಾರೀಖು, ಸರ್ಜನ್ ನಂಬರು, ಡೈಕ್ಲೊಫೆನಾಕ್ ಥರದ ನೋವಿನ ಗುಳಿಗೆ ಬೇಡ, ಗ್ಲೂಕೋಸಿಗೆ ಮೊದಲು ಥಯಮಿನ್, ಕೇಳದೆ ಮೂಗಿನ ನಳಿಗೆ ಬೇಡ. ಹಿಂಬದಿಗೆ ನಿಮ್ಮ ರಕ್ತದ ಗುಂಪು, ಮನೆಯವರ ಫೋನು.